ಗಂಗಾಮೂಲದ ಪಂಡಿತೆ

ವೇದಾಧ್ಯಯನ ಮಾಡಿದವರು ಪ್ರತಿವರ್ಷವೂ ಉಪಾಕರ್ಮವನ್ನು ನಡೆಸುವುದು ಏತಕ್ಕೆಂಬುದು ವಾಚಕರಲ್ಲಿ ಅನೇಕರಿಗೆ ವಿದಿತವಾಗಿಯೇ ಇದೆ. ಗುರುಮುಖದಿಂದ ಒಮ್ಮೆ ಕಲಿತ ಮಂತ್ರವು ಕಾಲಕ್ರಮದಲ್ಲಿ ಯಾತಯಾಮವಾಗುತ್ತದೆ, ಎಂದರೆ ಹೊತ್ತು ಮೀರಿದ ಅನ್ನದಂತೆ ಸಾರಗೆಡುತ್ತದೆ. ದೋಷವು ಮಂತ್ರದಲ್ಲಿಲ್ಲ, ಅಭ್ಯಾಸಬಲದಿಂದ ಮಾತ್ರವೇ ಅದನ್ನುಚ್ಚರಿಸುವ ನಾಲಗೆಯಲ್ಲಿದೆ. ಆದಕಾರಣ ವರ್ಷಕ್ಕೊಮ್ಮೆ ಅಧ್ಯಯನವನ್ನು ಪುನಃ ಉಪಕ್ರಮಿಸಬೇಕೆಂದು ಹಿರಿಯರು ವಿಧಿಸಿದರು. ಉಪನಯನವು ಜನ್ಮಕ್ಕೊಂದೇ ಸಲ, ಉಪಾಕರ್ಮವು ವರ್ಷವರ್ಷವೂ. ಈ ವಿವೇಕವು ಯಾವುದೊಂದು ಮತಕ್ಕೂ ಮೀಸಲಾದುದಲ್ಲ. ಕ್ರೈಸ್ತರಲ್ಲಿಯೂ ದೀಕ್ಷಾಸ್ನಾನವು ಒಮ್ಮೆ ಮಾತ್ರ ನಡೆಯತಕ್ಕದ್ದು. ಆದರೆ ದೀಕ್ಷಿತನ ಅಂತರಂಗವು ಮೇಲಿಂದ ಮೇಲೆ ನೂತನವಾಗುತ್ತಿರಬೇಕೆಂದೂ, ಹಾಗಾಗದಿದ್ದರೆ ದೀಕ್ಷೆಯು ಹೆಸರಿಗಷ್ಟೇ ಉಳಿಯುವುದೆಂದೂ ಅವರ ಬೋಧಕರು ಹೇಳುತ್ತ ಬಂದಿದ್ದಾರೆ. ಈ ನೂತನಭಾವವನ್ನು ಅವರು ಉಜ್ಜೀವನವೆಂದು ಕರೆಯುತ್ತಾರೆ. ಇದು ಒಬ್ಬ ವ್ಯಕ್ತಿಯ ಬಾಳಿನಲ್ಲಿ ಹೇಗೆ ಬಂದೀತು, ಅದಕ್ಕೆ ಎಷ್ಟು ಬೆಲೆ ತೆರಬೇಕಾದೀತು, ಅದರಿಂದ ಲೋಕಕ್ಕೆ ಏನು ಫಲವಾದೀತು ಎಂಬುದನ್ನು ಅರಿಯಲು ಪರದೇಶದ ಚರಿತ್ರೆಗಳನ್ನು ಹುಡುಕಬೇಕಾಗಿಲ್ಲ. ಕನ್ನಡನಾಡಿನ ಮಲೆಯಲ್ಲಿಯೇ ಜನಿಸಿದ ಪಂಡಿತೆ ರಮಾಬಾಯಿಯವರ ಜೀವನವೇ ಅದಕ್ಕೆ ಉತ್ತಮವಾದ ನಿದರ್ಶನವಾಗಿದೆ.

ರಮಾಬಾಯಿಯವರು ಹುಟ್ಟಿದ್ದು 1858ನೆಯ ಇಸವಿ ಏಪ್ರಿಲ್ 23ರಂದು, ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಉದ್ಭವಿಸುವ ಆ ಗಿರಿಪ್ರದೇಶವು ಚಿತ್ರದುರ್ಗದ ಸೀಮೆಯವರಿಗೆ ಹಿಂದೆ ದೂರದ ತೀರ್ಥಕ್ಷೇತ್ರವಾಗಿತ್ತು, ಈಗ ಹಾಗಿಲ್ಲ. ಅಲ್ಲಿ ಹುಟ್ಟಿದ ಭದ್ರೆಯ ನೀರು ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಇತ್ತೀಚಿನ ವರ್ಷಗಳಲ್ಲಿ ಹಿರಿಯೂರಿನ ವಾಣೀವಿಲಾಸ ಸಾಗರವನ್ನು ಸೇರತೊಡಗಿದೆ. 1933ರಲ್ಲಿ ತುಂಬಿದ್ದ ಆ ಜಲಾಶಯವು ದೀರ್ಘಕಾಲದ ಮೇಲೆ 2022ರಲ್ಲಿ ಮತ್ತೆ ಕೋಡಿ ಹರಿದಾಗ ಹಿರಿಯೂರು, ಧರ್ಮಪುರಗಳ ಕಡೆಯ ಜನರು ಪಟ್ಟ ಹರ್ಷವು ಸಾಮಾನ್ಯವಾದುದಲ್ಲ. ಆ ನೀರಿನ ಮೂಲಸ್ಥಾನದಲ್ಲಿಯೇ, ನೂರಾರು ವರ್ಷಗಳ ರೂಢಿಗೆ ಎದುರಾಗಿ ಒಬ್ಬ ಬ್ರಾಹ್ಮಣನು ತನ್ನ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ ಕಥೆಯಿಂದ ಈ ಚರಿತ್ರೆಯು ಮೊದಲಾಗುತ್ತದೆ.

ಆ ಬ್ರಾಹ್ಮಣರೇ ಅನಂತಶಾಸ್ತ್ರಿ ಡೋಂಗ್ರೆಯವರು. ಕಾರ್ಕಳದ ಸಮೀಪದ ಮಾಳದವರು; ಚಿತ್ಪಾವನ ಕುಲದವರು. ಯೌವನದಲ್ಲಿ ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುವುದನ್ನು ಅವರು ಕಂಡರು. ಸ್ತ್ರೀಯೊಬ್ಬಳು ಶ್ಲೋಕವನ್ನು ಶುದ್ಧವಾಗಿ ಪಠಿಸಿ ಅರ್ಥ ಹೇಳಬಲ್ಲಳೆಂಬುದು ಅವರಿಗೆ ಮಹದಾಶ್ಚರ್ಯವನ್ನುಂಟುಮಾಡಿತು. ತಮ್ಮ ಮನೆಯಲ್ಲಿಯೂ ಹಾಗೆಯೇ ನಡೆಸಬೇಕೆಂದು ನಿಶ್ಚಯಿಸಿ, ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಗೆ ವಿದ್ಯಾಭ್ಯಾಸವನ್ನು ಆರಂಭಿಸಿದರು. ಊರಿನವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಸುಮಾರು 400 ಮಂದಿ ವಿದ್ವಾಂಸರ ಸಭೆಯ ಮುಂದೆ ಶಾಸ್ತ್ರಿಗಳು ತಮ್ಮ ನಡೆಯನ್ನು ಸಮರ್ಥಿಸಬೇಕಾಯಿತು. ಸ್ತ್ರೀಯರಿಗೂ ಶೂದ್ರರಿಗೂ ವೇದವು ನಿಷಿದ್ಧವಾಗಿರಬಹುದು, ಆದರೆ ಕಾವ್ಯಪುರಾಣಾದಿಗಳನ್ನು ಕಲಿಸಬಾರದೆಂಬುದಕ್ಕೆ ಪ್ರಮಾಣವಿಲ್ಲವೆಂದು ಅವರು ಶಾಸ್ತ್ರವಚನಗಳನ್ನೆತ್ತಿ ಸಾಧಿಸಿದರು. ಆ ಬಳಿಕ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತ, ಯಾತ್ರಿಕರಿಗೆ ಅನ್ನವಿಕ್ಕುತ್ತ ಬಾಳಿದರು. ಶಾಸ್ತ್ರಿಗಳು ಶಾಸ್ತ್ರವನ್ನು ಬಿಟ್ಟವರಲ್ಲ. ಶಾಸ್ತ್ರದೊಳಗೇ ನಿಂತು ಮುಚ್ಚಿದ್ದ ಒಂದು ಬಾಗಿಲನ್ನು ತೆರೆದವರು. ಮಗಳು ಮುಂದೆ ತಂದೆಯ ಮತವನ್ನು ತೊರೆದರೂ ಈ ಗುಣವನ್ನು ತೊರೆಯಲಿಲ್ಲ.

ಅತಿಥಿಸತ್ಕಾರದ ವೆಚ್ಚದಿಂದ ಸಾಲವೇರಿ ಭೂಮಿಕಾಣಿಗಳು ಕೈಬಿಟ್ಟುವು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಕುಟುಂಬವು ಬೆಟ್ಟವಿಳಿಯಿತು. ಅಂದಿನಿಂದ ಅವರದು ಪುರಾಣಿಕರ ಸಂಚಾರಜೀವನ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ದೇವಾಲಯದ ಜಗಲಿಗಳಲ್ಲಿ ಪುರಾಣ ಹೇಳುತ್ತ, ಬಂದ ದಕ್ಷಿಣೆಯಿಂದ ಹೊಟ್ಟೆ ಹೊರೆಯುತ್ತಿದ್ದರು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವರು ತಾಯಿಯೇ. ಹನ್ನೆರಡನೆಯ ವಯಸ್ಸಿಗೆ ಬಾಲಿಕೆಗೆ ಭಾಗವತವು ಕಂಠಸ್ಥವಾಗಿತ್ತೆಂದು ಪ್ರತೀತಿ. ಅಷ್ಟರಲ್ಲಿ 1870ರ ದಶಕದ ಕ್ಷಾಮವು ದಕ್ಷಿಣದೇಶವನ್ನು ಆವರಿಸಿತು. ಕೂಲಿ ಮಾಡಲರಿಯದ, ಭಿಕ್ಷೆ ಬೇಡಲು ನಾಚುವ ಆ ವಿದ್ವತ್ಕುಟುಂಬವು ಎಲೆ, ಕಾಡುಹಣ್ಣುಗಳನ್ನು ತಿಂದು ಕಾಲ ಕಳೆಯಿತು. ತಂದೆ ತೀರಿಕೊಂಡರು, ತಾಯಿ ತೀರಿಕೊಂಡರು, ಅಕ್ಕ ತೀರಿಕೊಂಡಳು. ಮಳೆಯಿಲ್ಲದ ವರ್ಷವೆಂದರೇನೆಂಬುದನ್ನು ಹಿರಿಯೂರಿನ ಬಯಲುಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಹಸಿವಿನ ನೆನಪು ರಮಾಬಾಯಿಯವರಲ್ಲಿ ಕಡೆಯವರೆಗೂ ಆರಲಿಲ್ಲ.

ಉಳಿದವರು ಅಣ್ಣತಂಗಿಯರಿಬ್ಬರೇ. ಉತ್ತರದೇಶವನ್ನೆಲ್ಲ ಕಾಲ್ನಡಿಗೆಯಿಂದ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವಯಸ್ಸಿನ ಈ ಕನ್ಯೆಯನ್ನು ಪರೀಕ್ಷಿಸಿ 'ಪಂಡಿತಾ' ಎಂದೂ 'ಸರಸ್ವತೀ' ಎಂದೂ ಬಿರುದುಗಳನ್ನಿತ್ತು ಮನ್ನಿಸಿದರು. ಆ ನಗರದಲ್ಲಿಯೇ ಬ್ರಹ್ಮಸಮಾಜದ ಕೇಶವಚಂದ್ರಸೇನರು ಅವರ ಕೈಗೆ ವೇದದ ಪುಸ್ತಕವನ್ನು ಕೊಟ್ಟು ಓದಲು ಹೇಳಿದರು. ತಂದೆಯು ತೆರೆಯದೆ ಉಳಿಸಿದ್ದ ಬಾಗಿಲು ಹೀಗೆ ತೆರೆಯಿತು. ಓದಿದಷ್ಟೂ ಸಂದೇಹಗಳು ಬೆಳೆದುವು. ಧರ್ಮಶಾಸ್ತ್ರಗಳಲ್ಲಿ ಸ್ತ್ರೀಯರಿಗೆ ಸ್ವತಂತ್ರವಾದ ಮೋಕ್ಷಮಾರ್ಗವಿಲ್ಲವೆಂಬ ಭಾವನೆಯು ಅವರ ಮನಸ್ಸಿನಲ್ಲಿ ನೆಲೆಗೊಂಡಿತು. ಈ ನಿರ್ಣಯವು ಸರಿಯೇ ತಪ್ಪೇ ಎಂದು ಶಾಸ್ತ್ರಜ್ಞರು ವಾದಿಸಬಹುದು. ಆದರೆ ಅದು ಶಾಸ್ತ್ರವನ್ನೋದದೆ ದೂರುವವರ ನಿರ್ಣಯವಾಗಿರಲಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು.

1880ರಲ್ಲಿ ಅಣ್ಣನು ತೀರಿಕೊಂಡ ಮೇಲೆ ರಮಾಬಾಯಿಯವರು ಬಂಗಾಳದ ವಕೀಲರಾದ ಬಿಪಿನಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವರಿಸಿದರು. ಎರಡು ವರ್ಷ ತುಂಬುವುದರೊಳಗಾಗಿ 1882ರಲ್ಲಿ ಪತಿಯು ವಾಂತಿಭೇದಿಗೆ ಗುರಿಯಾದರು. ಕೈಯಲ್ಲಿ ಎಳೆಯ ಮಗಳು ಮನೋರಮೆ. ವಯಸ್ಸು ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 'ಸ್ತ್ರೀಧರ್ಮನೀತಿ' ಎಂಬ ಗ್ರಂಥವನ್ನು ಬರೆದು, ಅದರಿಂದ ಬಂದ ಹಣದ ಬೆಂಬಲದಿಂದ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ವೈದ್ಯವನ್ನು ಕಲಿತು ಹಿಂದಿರುಗಬೇಕೆಂಬುದು ಉದ್ದೇಶವಾಗಿತ್ತು. ಕಿವಿಯ ಮಂದತೆಯಿಂದ ಅದು ಕೈಗೂಡಲಿಲ್ಲ.

ಅವರ ಮನಸ್ಸು ಕ್ರೈಸ್ತಮತದ ಕಡೆಗೆ ವಾಲಿದ್ದು ಒಂದೇ ದಿನದಲ್ಲಿ ಅಲ್ಲ. ಪತಿಗೃಹದಲ್ಲಿದ್ದಾಗ ಬಂಗಾಳೀ ಭಾಷೆಯ ಲೂಕನ ಸುವಾರ್ತೆಯೊಂದು ಕೈಗೆ ಸಿಕ್ಕಿತ್ತು. ಕಾಶಿಯಲ್ಲಿ ಶಾಸ್ತ್ರಾಧ್ಯಯನ ಮಾಡಿ ಆಮೇಲೆ ಕ್ರೈಸ್ತರಾಗಿದ್ದ ನೀಲಕಂಠ ಗೋರೆಯವರ ವಾದಗಳು ಬುದ್ಧಿಯನ್ನು ಒಲಿಸಿದ್ದುವು. ಆದರೆ ಹೃದಯವನ್ನು ಒಲಿಸಿದ್ದು ವಾದವಲ್ಲ. ಲಂಡನ್ನಿನಲ್ಲಿ ಕ್ರೈಸ್ತ ಸಹೋದರಿಯರ ಸಂಘದವರು ದಾರಿತಪ್ಪಿದ ಸ್ತ್ರೀಯರಿಗಾಗಿ ನಡೆಸುತ್ತಿದ್ದ ಆಶ್ರಯವೊಂದನ್ನು ಅವರು ನೋಡಿದರು. ಲೋಕವು ಹೊರದೂಡಿದವರನ್ನು ಅಲ್ಲಿ ಒಳಕ್ಕೆ ಕರೆದು, ಬೈಯದೆ, ಶಿಕ್ಷಿಸದೆ, ಕೈಹಿಡಿದು ನಡೆಸುತ್ತಿದ್ದರು. ಇದಕ್ಕೆ ಕಾರಣವೇನೆಂದು ಕೇಳಿದಾಗ ಸಮಾರ್ಯದ ಸ್ತ್ರೀಯೊಡನೆ ಕ್ರಿಸ್ತನು ಬಾವಿಯ ಬಳಿಯಲ್ಲಿ ಮಾತನಾಡಿದ ವೃತ್ತಾಂತವನ್ನು ಸಹೋದರಿಯೊಬ್ಬರು ಓದಿ ಹೇಳಿದರು. ತಾವು ಅದುವರೆಗೆ ಓದಿದ ಗ್ರಂಥಗಳಲ್ಲಿ ಇಂತಹ ದಯೆಯನ್ನು ಕಾಣಲಿಲ್ಲವೆಂದು ರಮಾಬಾಯಿಯವರಿಗೆ ತೋರಿತು. 1883ನೆಯ ಸಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಪಡೆದರು.

ಸಾಮಾನ್ಯವಾಗಿ ಮತಾಂತರದ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ರಮಾಬಾಯಿಯವರ ವಿಷಯದಲ್ಲಿ ನಿಜವಾದ ಕಥೆಯು ಇಲ್ಲಿಂದ ಮೊದಲಾಗುತ್ತದೆ. ಹೊಸ ಮತದ ಗುರುಗಳು ಹೇಳಿದುದನ್ನೆಲ್ಲ ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. ತ್ರಿಯೇಕತ್ವದ ವಿಚಾರದಲ್ಲಿಯೂ ಸಭೆಯ ಅಧಿಕಾರದ ವಿಚಾರದಲ್ಲಿಯೂ ವಾಂಟೇಜಿನ ಸಹೋದರಿ ಜೆರಾಲ್ಡೀನರೊಡನೆ ಪತ್ರಮುಖೇನ ದೀರ್ಘವಾದ ವಾದವನ್ನು ನಡೆಸಿದರು. ಒಂದು ಪುರೋಹಿತವರ್ಗದ ನೊಗವನ್ನು ಕಳಚಿಕೊಂಡವರು ಇನ್ನೊಂದು ಪುರೋಹಿತವರ್ಗದ ನೊಗಕ್ಕೆ ಹೆಗಲು ಕೊಡಲಾರೆವೆಂಬುದೇ ಅವರ ವಾದದ ತಿರುಳಾಗಿತ್ತು. ಶಿಲುಬೆಯ ಮೇಲಿನ ಲತೀನ್ ಬರಹದ ಮಾತು ಬಂದಾಗ, ಲತೀನಿನಲ್ಲಿ ಇರುವ ಪಾವಿತ್ರ್ಯವು ಸಂಸ್ಕೃತದಲ್ಲಿ ಇಲ್ಲವೇ ಎಂದು ಪ್ರಶ್ನಿಸಿ, ಸಂಸ್ಕೃತಾಕ್ಷರಗಳೇ ತಮಗೆ ಹಿತವೆಂದು ಹೇಳಿದರು. ಶಾಕಾಹಾರದ ನಿಯಮವನ್ನು ಜೀವಮಾನವಿಡೀ ಬಿಡಲಿಲ್ಲ. ಸಹೋದರಿಯರಿಗೆ ಇದು ಅಹಂಕಾರವಾಗಿ ಕಂಡಿತು. ವಿಚಾರಮಾಡಿ ನೋಡಿದರೆ ಅದು ಅಹಂಕಾರವಲ್ಲ: ತಾವು ಸತ್ಯವೆಂದು ಕಂಡುದಕ್ಕೆ ಮಾತ್ರ ತಲೆಬಾಗಿ, ಇನ್ನೂ ಕಾಣದ ವಿಷಯದಲ್ಲಿ ಕಂಡೆನೆಂದು ಹೇಳದಿರುವ ಪ್ರಾಮಾಣಿಕತೆ. ಎಲ್ಲವೂ ತಿಳಿದಾಯಿತೆಂದು ಅಂದೇ ಒಪ್ಪಿಕೊಂಡಿದ್ದರೆ ಮುಂದೆ ತಿಳಿಯಬೇಕಾದುದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಚೆಲ್ಟನ್‌ಹ್ಯಾಮಿನ ಸ್ತ್ರೀವಿದ್ಯಾಲಯದಲ್ಲಿ ಕೆಲಕಾಲವಿದ್ದು, 1886ರಲ್ಲಿ ಅಮೆರಿಕಾ ದೇಶಕ್ಕೆ ಹೋದರು. ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಪ್ರಕಟವಾದ ಅವರ ಆಂಗ್ಲಗ್ರಂಥವು ಅಲ್ಲಿ ಬಹುಜನರ ಮನವನ್ನು ಕಲಕಿತು. ಬಾಸ್ಟನ್ ನಗರದಲ್ಲಿ ಅವರ ಕಾರ್ಯಕ್ಕೆ ನೆರವಾಗಲು ಸಂಘವೊಂದು ಏರ್ಪಟ್ಟಿತು. ಆ ಬಲದಿಂದ 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಮರುವರ್ಷ ಅದನ್ನು ಪುಣೆಗೆ ಸಾಗಿಸಲಾಯಿತು. ಸದನದಲ್ಲಿ ಮತಬೋಧೆ ಮಾಡುವುದಿಲ್ಲವೆಂಬುದು ಕರಾರು. ನ್ಯಾಯಮೂರ್ತಿ ರಾನಡೆ, ರಾಮಕೃಷ್ಣ ಭಾಂಡಾರಕರ್ ಮೊದಲಾದ ಮಹನೀಯರು ಸಲಹಾ ಮಂಡಲಿಯಲ್ಲಿದ್ದರು.

ಈ ಪರಿಯಲ್ಲಿ ಕೀರ್ತಿಯೂ ಕಾರ್ಯವೂ ಬೆಳೆಯುತ್ತಿದ್ದಾಗಲೇ, ದೀಕ್ಷೆಯಾಗಿ ಎಂಟು ವರ್ಷಗಳು ಸಂದ ಮೇಲೆ, 1891ರ ಸುಮಾರಿಗೆ, ರಮಾಬಾಯಿಯವರಿಗೆ ತಮ್ಮೊಳಗೆ ಒಂದು ಶೂನ್ಯವು ಗೋಚರವಾಯಿತು. ಕ್ರೈಸ್ತಮತವು ತಮಗೆ ದೊರೆತಿದೆ, ಆದರೆ ಕ್ರಿಸ್ತನು ದೊರೆತಿಲ್ಲವೆಂಬುದನ್ನು ಅವರು ಕಂಡುಕೊಂಡರು. ಮುಂದೆ 1907ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. ಆ ಕಾಲದಲ್ಲಿ ಅವರು ಓದಿದ ಗ್ರಂಥಗಳಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಚರಿತ್ರೆಯೊಂದು. ಈ ಪಾದ್ರಿಯು ದೀಕ್ಷಾಬದ್ಧನಾಗಿ ಎಷ್ಟೋ ವರ್ಷ ಸಭೆಯನ್ನು ನಡೆಸಿದ ಮೇಲೆ, 1851ರಲ್ಲಿ ತಾನೇ ಪೀಠದಲ್ಲಿ ನಿಂತು ಬೋಧಿಸುತ್ತಿದ್ದ ಬೋಧೆಯಿಂದ ತಾನೇ ಮಾರ್ಪಟ್ಟವನು. ಗುರುವಿಗೇ ಹೀಗಾಗಬಹುದಾದರೆ ಶಿಷ್ಯೆಗೆ ನಾಚಿಕೆಯೇನು? ಜಗತ್ತೆಲ್ಲ ಹೊಗಳುತ್ತಿದ್ದ ಪಂಡಿತೆಯು ತನ್ನ ಧರ್ಮವು ಯಾತಯಾಮವಾಗಿದೆಯೆಂದು ಒಪ್ಪಿಕೊಂಡು ಅಕ್ಷರಾಭ್ಯಾಸದ ಮಗುವಿನಂತೆ ಮೊದಲಿನಿಂದ ಆರಂಭಿಸಿದರು. ಅವರ ಬಾಳಿನಲ್ಲಿ ಇದಕ್ಕಿಂತ ಕಠಿನವಾದ ಹೆಜ್ಜೆ ಬೇರೊಂದಿರಲಾರದು. ಹಳೆಯ ಮತವನ್ನು ಬಿಡುವಾಗ ವಿರೋಧಿಸುವವರು ಹೊರಗಿನವರು. ತನ್ನ ಹೊಸ ಶ್ರದ್ಧೆಯನ್ನೇ ಪರೀಕ್ಷೆಗೊಡ್ಡುವಾಗ ವಿರೋಧಿಸುವುದು ತನ್ನ ಖ್ಯಾತಿಯೇ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಪದೇ ಪದೇ ಹೊಸತಾಗುವ ಶ್ರದ್ಧೆಯು ಚಪಲಚಿತ್ತವೇ ಹೊರತು ಶ್ರದ್ಧೆಯೆನ್ನಿಸೀತೇ? ಸ್ಥಿರತೆಯೇ ಧರ್ಮದ ಲಕ್ಷಣವಲ್ಲವೇ? ಇದಕ್ಕೆ ಸಂಸ್ಕೃತ ಪಂಡಿತರ ಬಾಯಲ್ಲಿ ಬಳಕೆಯಲ್ಲಿರುವ ಸ್ಥೂಣಾನಿಖನನ ನ್ಯಾಯವೇ ಉತ್ತರವನ್ನು ಹೇಳುತ್ತದೆ. ಕಂಬವನ್ನು ನೆಡುವವನು ಅದನ್ನು ಒಮ್ಮೆ ನೆಲದಲ್ಲಿಟ್ಟು ಕೈ ಒರಸಿಕೊಳ್ಳುವುದಿಲ್ಲ. ನೆಟ್ಟ ಕಂಬವನ್ನು ಅಲ್ಲಾಡಿಸಿ ನೋಡುತ್ತಾನೆ, ಮತ್ತೆ ಹೊಡೆಯುತ್ತಾನೆ, ಮತ್ತೆ ಅಲ್ಲಾಡಿಸುತ್ತಾನೆ. ದೂರದಿಂದ ನೋಡಿದವರಿಗೆ ಕೀಳುತ್ತಿರುವಂತೆಯೇ ಕಾಣಬಹುದು; ನಿಜವಾಗಿ ಪ್ರತಿಯೊಂದು ಅಲುಗಾಟವೂ ಕಂಬವನ್ನು ಇನ್ನಷ್ಟು ಆಳಕ್ಕಿಳಿಸುತ್ತದೆ. ಶಾಸ್ತ್ರಕಾರರು ಸಿದ್ಧಾಂತವನ್ನು ಆಕ್ಷೇಪಗಳಿಂದ ಮೇಲಿಂದ ಮೇಲೆ ಕದಲಿಸುವುದು ಅದನ್ನು ದೃಢಪಡಿಸುವುದಕ್ಕಾಗಿಯೇ. ಕಂಬವು ಸ್ಥಳ ಬದಲಾಯಿಸಿತೇ, ಆಳಕ್ಕಿಳಿಯಿತೇ ಎಂಬುದನ್ನು ನೋಡಿ ಚಪಲತೆಯನ್ನೂ ನವೀಕರಣವನ್ನೂ ಬೇರ್ಪಡಿಸಬಹುದು. ರಮಾಬಾಯಿಯವರಲ್ಲಿ ಕಂಬದ ಸ್ಥಳವು ಎಂದೂ ಬದಲಾಗಲಿಲ್ಲ. ಗತಿಯಿಲ್ಲದ ಸ್ತ್ರೀಯ ಮೇಲಿನ ದಯೆಯೇ ಮೊದಲಿನಿಂದ ಕಡೆಯವರೆಗೂ ಅವರ ನಿಲುವು.

ಅಂತರಂಗದ ಈ ಬದಲಾವಣೆಯು ಹೊರಗೆ ಕಾಣಿಸದಿರಲಿಲ್ಲ. ಅವರು ಬೆಳಗಿನಲ್ಲಿ ತಮ್ಮ ಕೊಠಡಿಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ತೆರೆದೇ ಇಡುತ್ತಿದ್ದರು. ಸದನದ ಬಾಲಿಕೆಯರನ್ನು ಕರೆಯಲಿಲ್ಲ. ಬಂದವರನ್ನು ತಡೆಯಲೂ ಇಲ್ಲ. ಕೆಲವರು ಬಂದು ಕುಳಿತುಕೊಳ್ಳತೊಡಗಿದರು. ಇದು ಪುಣೆಯಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ತಿಲಕರ 'ಕೇಸರಿ' ಪತ್ರಿಕೆಯು ತೀಕ್ಷ್ಣವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದವರು ಸಲಹಾ ಮಂಡಲಿಯನ್ನು ತ್ಯಜಿಸಿದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪೋಷಕರ ಭಯವು ನಿರಾಧಾರವಾದುದೆಂದು ಹೇಳುವಂತಿಲ್ಲ. ಮತದ ವಿಷಯದಲ್ಲಿ ತಟಸ್ಥವೆಂದು ನಂಬಿ ಮಕ್ಕಳನ್ನು ಕಳುಹಿಸಿದವರು ಅವರು. ಇತ್ತ ರಮಾಬಾಯಿಯವರ ಮಾತಿಗೂ ತೂಕವಿತ್ತು: ಹಿಂದೂ ಬಾಲಿಕೆಯರು ತಮ್ಮ ಪೂಜೆಯನ್ನು ಅಡ್ಡಿಯಿಲ್ಲದೆ ನಡೆಸುವ ಮನೆಯಲ್ಲಿ ತಾವೊಬ್ಬರೇ ಕದವಿಕ್ಕಿಕೊಂಡು ಪ್ರಾರ್ಥಿಸಬೇಕೇಕೆ? ಇಬ್ಬರ ಪಕ್ಷದಲ್ಲಿಯೂ ನ್ಯಾಯವಿದ್ದಾಗ ಉಂಟಾಗುವ ಅಗಲಿಕೆಯು ಹೆಚ್ಚು ದುಃಖಕರವಾದುದು. ಸ್ತ್ರೀವಿದ್ಯೆಗಾಗಿ ಒಂದಾಗಿದ್ದ ಮಹನೀಯರು ಅಂದು ಬೇರೆಯಾದರು. ಆ ಬಾಗಿಲಿಗೆ ರಮಾಬಾಯಿಯವರು ತೆತ್ತ ಬೆಲೆ ಇದು.

1895ರಲ್ಲಿ ಲೋಣಾವಳೆಯ ಪ್ರಾರ್ಥನಾಶಿಬಿರಕ್ಕೆ ಹೋಗಿ ಬಂದ ಮೇಲೆ ಅವರಿಗೆ ಇನ್ನೊಂದು ಬಲವು ದೊರೆಯಿತು. ಅದು ಭಾವಾವೇಶವಾಗಿಯೇ ಉಳಿಯಿತೋ ಕ್ರಿಯೆಯಾಗಿ ಪರಿಣಮಿಸಿತೋ ಎಂಬುದನ್ನು 1896–97ರ ಕ್ಷಾಮವು ತೋರಿಸಿತು. ಮಧ್ಯಪ್ರಾಂತದಲ್ಲಿ ಬಾಲವಿಧವೆಯರೂ ಅನಾಥ ಕನ್ಯೆಯರೂ ದಾರಿಯಲ್ಲಿ ಬಿದ್ದು ಸಾಯುತ್ತಿದ್ದಾರೆ, ದುಷ್ಟರ ಕೈಗೆ ಸಿಕ್ಕುತ್ತಿದ್ದಾರೆಂಬ ಸುದ್ದಿಯನ್ನು ಕೇಳಿದ ಕೂಡಲೆ ರಮಾಬಾಯಿಯವರು ತಾವೇ ಹೊರಟರು. ಇಪ್ಪತ್ತು ವರ್ಷಗಳ ಹಿಂದೆ ಎಲೆಯನ್ನು ತಿಂದು ಬದುಕಿದ್ದವರಿಗೆ ಆ ಮುಖಗಳ ಗುರುತು ಹತ್ತದೆ ಇರಲಿಲ್ಲ. ಮುನ್ನೂರರಷ್ಟು ಮಂದಿಯನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ತಾವು ಕೊಂಡಿದ್ದ ಹೊಲದಲ್ಲಿ ನೆಲೆಗೊಳಿಸಿದರು. ಅದೇ 1898ರಲ್ಲಿ ಪ್ರತಿಷ್ಠಿತವಾದ ಮುಕ್ತಿ ಸದನ. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿನವರ ಸಂಖ್ಯೆಯು ಎರಡು ಸಾವಿರಕ್ಕೆ ಸಮೀಪಿಸಿತು. ಓದುಬರಹದೊಡನೆ ನೇಯ್ಗೆ, ಗಾಣ, ಹೈನು, ಬೇಸಾಯ, ಮುದ್ರಣ ಮೊದಲಾದ ಕಸಬುಗಳನ್ನು ಅವರಿಗೆ ಕಲಿಸಲಾಯಿತು. ಲೋಕವು ಪತಿತೆಯರೆಂದು ಕರೆಯುವವರಿಗಾಗಿ ಕೃಪಾ ಸದನವು ಏರ್ಪಟ್ಟಿತು. ಲಂಡನ್ನಿನಲ್ಲಿ ಕಂಡ ದಯೆಯು ಮರಾಠೀ ದೇಶದ ಹೊಲದಲ್ಲಿ ಬೇರು ಬಿಟ್ಟದ್ದು ಹೀಗೆ.

ಇಷ್ಟೆಲ್ಲ ನಡೆದ ಮೇಲೆ ಬೇರೊಬ್ಬರಾಗಿದ್ದರೆ ತೃಪ್ತಿಪಟ್ಟು ಕುಳಿತುಕೊಳ್ಳುತ್ತಿದ್ದರು. ರಮಾಬಾಯಿಯವರಿಗೆ ಅದೇ ಭಯವಾಗಿತ್ತು. ಸಾವಿರಾರು ಮಂದಿಗೆ ಅನ್ನ ದೊರೆಯುತ್ತಿದೆ, ಗಂಟೆಗೆ ಸರಿಯಾಗಿ ಪ್ರಾರ್ಥನೆ ನಡೆಯುತ್ತಿದೆ; ಅದು ಬಾಯಿಪಾಠವಾಗಿದೆಯೋ ಏನೋ! ಆಸ್ಟ್ರೇಲಿಯಾದಲ್ಲಿ ಪ್ರಾರ್ಥನಾವೃಂದಗಳಿಂದಾದ ಉಜ್ಜೀವನದ ಸಂಗತಿಯನ್ನು ಮಗಳಾದ ಮನೋರಮೆ ಮತ್ತು ಸಹೋದ್ಯೋಗಿಯಾದ ಅಮೆರಿಕಾದ ಮಿನ್ನಿ ಏಬ್ರಮ್ಸ್ ಇವರ ಮುಖಾಂತರ ತಿಳಿದುಕೊಂಡರು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಗಣಿಯ ಕೂಲಿಕಾರರ ನಡುವೆ ಹಬ್ಬಿದ ಉಜ್ಜೀವನದ ವಾರ್ತೆಯೂ ಬಂದಿತು. 1905ನೆಯ ಜನವರಿಯಲ್ಲಿ ಇದನ್ನು ಸದನದವರಿಗೆ ತಿಳಿಸಿ, ಸ್ವಇಚ್ಛೆಯಿಂದ ಪ್ರತಿದಿನ ಕೂಡಿ ಪ್ರಾರ್ಥಿಸುವವರು ಯಾರೆಂದು ಕೇಳಿದರು. ಎಪ್ಪತ್ತು ಮಂದಿ ಮುಂದೆ ಬಂದರು. ಜೂನ್ ತಿಂಗಳ ವೇಳೆಗೆ ಅವರು ಐನೂರೈವತ್ತಾದರು. ಜೂನ್ ತಿಂಗಳ ಕಡೆಯ ದಿನಗಳಲ್ಲಿ ರಮಾಬಾಯಿಯವರು ಯೋಹಾನನ ಸುವಾರ್ತೆಯಿಂದ ಪಾಠ ಹೇಳುತ್ತಿದ್ದಾಗ ಬಾಲಿಕೆಯರೆಲ್ಲರೂ ಒಟ್ಟಿಗೆ ಅಳುತ್ತ, ತಮ್ಮ ತಮ್ಮ ತಪ್ಪುಗಳನ್ನು ಒಪ್ಪಿಕೊಳ್ಳುತ್ತ, ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಪಾಠವನ್ನು ನಿಲ್ಲಿಸಬೇಕಾಯಿತು. ತಿಂಗಳುಗಟ್ಟಲೆ ಇದು ನಡೆಯಿತು.

ಇದನ್ನು ಕಂಡು ಟೀಕಿಸಿದವರು ಕಡಮೆಯಿಲ್ಲ. 'ಇದು ಉನ್ಮಾದ, ಇದರಲ್ಲಿ ಮರ್ಯಾದೆಯಿಲ್ಲ' ಎಂದವರಲ್ಲಿ ಕ್ರೈಸ್ತ ಬೋಧಕರೂ ಇದ್ದರು. ರಮಾಬಾಯಿಯವರು ಇದನ್ನು ಬಲವಂತದಿಂದ ಎಬ್ಬಿಸಲೂ ಇಲ್ಲ, ಬಲವಂತದಿಂದ ಅಡಗಿಸಲೂ ಇಲ್ಲ. ಪರದೇಶದ ಸಭೆಗಳಲ್ಲಿ ನಿಶ್ಶಬ್ದವೇ ಭಕ್ತಿಯಾದರೆ ಆಗಲಿ, ಭಾರತೀಯರು ತಮ್ಮ ರೀತಿಯಲ್ಲಿ ಮೊರೆಯಿಡುವುದಕ್ಕೆ ಅವಕಾಶವಿರಬೇಕೆಂದು ಅವರ ಅಭಿಪ್ರಾಯ. ಕೆಲವರು ಅರಿಯದ ಭಾಷೆಗಳಲ್ಲಿ ಮಾತನಾಡಿದರೆಂದು ಪ್ರಸಿದ್ಧಿಯಾದಾಗ, ತಮಗೆ ಆ ವರವಿಲ್ಲವೆಂದು ಅವರು ಸರಳವಾಗಿ ಹೇಳಿದರು. ಇಲ್ಲದವರನ್ನು ಹೀನರೆಂದು ಎಣಿಸಲಿಲ್ಲ. ಶಿಷ್ಯರಿಗೆ ದೊರೆತದ್ದು ತನಗೆ ದೊರೆಯದಿದ್ದಾಗಲೂ ಮತ್ಸರಿಸದೆ, ಶಂಕಿಸದೆ, ಸಂತೋಷಪಡುವ ಗುರುಗಳು ವಿರಳ. ಅಳುವಿನ ದಿನಗಳು ಕಳೆದ ಮೇಲೆ ಉಳಿದದ್ದೇನೆಂಬುದೇ ಮುಖ್ಯ: ಹುಡುಗಿಯರು ತಂಡತಂಡವಾಗಿ ಸರದಿಯ ಮೇಲೆ ಸುತ್ತಣ ಹಳ್ಳಿಗಳಿಗೆ ಹೊರಟರು. ನೆರವನ್ನು ಪಡೆಯಲು ಬಂದವರು ನೆರವನ್ನು ನೀಡುವವರಾದರು. ಮಿನ್ನಿ ಏಬ್ರಮ್ಸರು 1906ರಲ್ಲಿ ಈ ವಿಷಯವಾಗಿ ಬರೆದ ಚಿಕ್ಕ ಪುಸ್ತಕವು ದಕ್ಷಿಣ ಅಮೆರಿಕಾದ ಚಿಲಿ ದೇಶದ ವಾಲ್ಪರೈಸೊ ನಗರಕ್ಕೆ ತಲಪಿ, 1909ರಲ್ಲಿ ಅಲ್ಲಿ ಉಂಟಾದ ಉಜ್ಜೀವನಕ್ಕೆ ಪ್ರೇರಣೆಯಾಯಿತು. ಪೂರ್ವದಿಂದ ಪಶ್ಚಿಮಕ್ಕೆ ಧರ್ಮಪ್ರೇರಣೆಯು ಹರಿದುದಕ್ಕೆ ಇದೊಂದು ನಿದರ್ಶನ. ಅದರ ಉಗಮದಲ್ಲಿ ಕ್ಷಾಮದಿಂದ ಪಾರಾಗಿ ಬಂದ ಹುಡುಗಿಯರಿದ್ದರೆಂಬುದು ನೆನೆಯತಕ್ಕ ಸಂಗತಿ.

ಕಡೆಯ ವರ್ಷಗಳಲ್ಲಿ ರಮಾಬಾಯಿಯವರು ಕೈಗೊಂಡ ಕಾರ್ಯವು ಸತ್ಯವೇದದ ಮರಾಠೀ ಭಾಷಾಂತರ. ಅದಕ್ಕಾಗಿ ಇಳಿವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ಇಲ್ಲಿ ಒಂದು ವಿಚಿತ್ರವು ಕಾಣುತ್ತದೆ. ಶಿಲುಬೆಯ ಮೇಲೆ ಸಂಸ್ಕೃತವನ್ನು ಬಯಸಿದ್ದ, ಭಾಗವತವನ್ನು ಕಂಠದಲ್ಲಿಟ್ಟುಕೊಂಡಿದ್ದ ಪಂಡಿತೆಯು, ಈ ಭಾಷಾಂತರದಲ್ಲಿ ಪ್ರೌಢವಾದ ಸಂಸ್ಕೃತಪದಗಳನ್ನು ಆದಷ್ಟು ಬಿಟ್ಟು ಹಳ್ಳಿಯ ಹೆಂಗಸಿಗೂ ತಿಳಿಯುವ ಮಾತುಗಳನ್ನು ಆರಿಸಿದರು. ಹಳೆಯ ಪದಗಳೊಡನೆ ಹಳೆಯ ಅರ್ಥಗಳೂ ಬಂದಾವೆಂಬ ಶಂಕೆಯೂ ಅದಕ್ಕೆ ಕಾರಣವಾಗಿತ್ತು. ಸಂಸ್ಕೃತಾಭಿಮಾನಿಗಳಿಗೆ ಇದು ನೋವನ್ನುಂಟುಮಾಡಿದರೆ ಆಶ್ಚರ್ಯವಿಲ್ಲ. ಆದರೂ ತಂದೆಯು ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದೂ, ಮಗಳು ಓದಲರಿಯದವರಿಗಾಗಿ ಸಂಸ್ಕೃತವನ್ನು ಬದಿಗಿಟ್ಟದ್ದೂ ಒಂದೇ ಉದ್ದೇಶದ ಎರಡು ರೂಪಗಳು. ಜ್ಞಾನವು ಕೆಲವರ ಸೊತ್ತಾಗಿರಬಾರದೆಂಬುದೇ ಆ ಉದ್ದೇಶ.

ಕನ್ನಡನಾಡಿನ ಋಣವೂ ಸಂಪೂರ್ಣವಾಗಿ ಮರೆತುಹೋಗಲಿಲ್ಲ. 1912ರಲ್ಲಿ ಕಲಬುರಗಿಯಲ್ಲಿ ತಾಯಿಮಗಳು ಒಂದು ಪ್ರೌಢಶಾಲೆಯನ್ನು ಸ್ಥಾಪಿಸಿದರು. 1919ರಲ್ಲಿ ರಮಾಬಾಯಿಯವರಿಗೆ ಸರಕಾರದ ಕೈಸರ್-ಇ-ಹಿಂದ್ ಪದಕವು ಬಂದಿತು. 1921ರ ಜುಲೈಯಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ಮರುವರ್ಷ 1922ನೆಯ ಏಪ್ರಿಲ್ 5ರಂದು ರಮಾಬಾಯಿಯವರೂ ದೇಹವನ್ನು ಬಿಟ್ಟರು.

ಧರ್ಮಪುರದ ವಿಸ್ತಾರವಾದ ಹಳೆಯ ಕೆರೆಯನ್ನು ಬಲ್ಲವರಿಗೆ ಈ ಚರಿತ್ರೆಯ ತಾತ್ಪರ್ಯವನ್ನು ಗ್ರಹಿಸುವುದು ಕಷ್ಟವಾಗದು. ಹಿರಿಯರು ಒಮ್ಮೆ ಕೆರೆಯನ್ನು ಕಟ್ಟಿಸಿದರೆಂಬ ಮಾತ್ರಕ್ಕೆ ಅದರಲ್ಲಿ ನೀರು ನಿಲ್ಲುವುದಿಲ್ಲ. ಮಳೆಯನ್ನು ತರಿಸುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಹೂಳನ್ನು ಎತ್ತುವುದು, ಕಾಲುವೆಯ ಮುಳ್ಳುಕಂಟಿಗಳನ್ನು ಸವರುವುದು, ಏರಿಯನ್ನು ಭದ್ರಪಡಿಸುವುದು, ತೂಬನ್ನು ತುಕ್ಕು ಹಿಡಿಯದಂತೆ ಕಾಯುವುದು ಊರಿನವರ ಕೈಯಲ್ಲಿದೆ. ಮಳೆ ಬಂದ ವರ್ಷದಲ್ಲಿ ಇಷ್ಟನ್ನು ಮಾಡಿಟ್ಟವರ ಕೆರೆ ತುಂಬುತ್ತದೆ. ಮಾಡದವರ ಊರಿನಲ್ಲಿ ಅದೇ ಮಳೆಯು ಹಳ್ಳದಲ್ಲಿ ಹರಿದು ಹೋಗುತ್ತದೆ. ರಮಾಬಾಯಿಯವರು 1891ರಲ್ಲಿ ಎತ್ತಿದ್ದು ಹೂಳನ್ನು; 1905ರಲ್ಲಿ ಬಂದದ್ದು ಮಳೆ. ತುಂಬಿದ ಕೆರೆಯ ತೂಬನ್ನು ತೆರೆದು ಕೆಳಗಣ ಗದ್ದೆಗಳಿಗೆ ನೀರನ್ನು ಬಿಟ್ಟ ಮೇಲೆಯೇ ಅವರು ಅದನ್ನು ನಿಜವಾದ ಮಳೆಯೆಂದು ನಂಬಿದರು.

ಅವರ ಭಾಷಾಂತರವು 1924ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಅದರ ಅಚ್ಚಿನ ಮೊಳೆಗಳನ್ನು ಜೋಡಿಸಿದವರು, ಪುಟಗಳನ್ನು ಮುದ್ರಿಸಿದವರು, ಹೊಲಿದು ರಟ್ಟು ಕಟ್ಟಿದವರು ಮುಕ್ತಿ ಸದನದ ಸ್ತ್ರೀಯರೇ. ಒಂದು ಕಾಲದಲ್ಲಿ ಸ್ತ್ರೀಗೆ ಅಕ್ಷರವನ್ನು ಕಲಿಸಬಹುದೇ ಎಂದು ಉಡುಪಿಯಲ್ಲಿ ಸಭೆ ಸೇರಿ ವಿಚಾರಿಸಿದ್ದರು. ಆ ವಿಚಾರಣೆಗೆ ಗುರಿಯಾದ ಮನೆಯ ಮಗಳ ಗ್ರಂಥವು, ಕ್ಷಾಮದಲ್ಲಿ ದಾರಿಯ ಬದಿಯಿಂದ ಎತ್ತಿ ತಂದ ಹೆಣ್ಣುಮಕ್ಕಳ ಕೈಯಿಂದಲೇ ಹೊರಬಂದಿತು. ಕೇಡಗಾಂವಿನ ಆ ಸಂಸ್ಥೆಯು ಇಂದಿಗೂ ನಡೆಯುತ್ತಿದೆ.